ಜ್ವರದ ದೇವತೆಯ ಮುಖ

ಪುಸ್ತಕದ ಸಂಪಾದಕಿ ಬೆಂಗಳೂರಿನಿಂದ ಫೋನ್ ಮಾಡಿ, "ಚಿತ್ರವೇನೋ ಚೆನ್ನಾಗಿದೆ, ಆದರೆ ಇವಳಲ್ಲಿ ಜ್ವರವೇ ಇಲ್ಲವಲ್ಲ" ಎಂದಾಗ ನನಗೆ ಮೈಯೆಲ್ಲಾ ಉರಿದುಹೋಯಿತು. ಎರಡನೇ ಸಲ ವಾಪಸ್ ಬಂದ ಚಿತ್ರ ಅದು. ಸೋಮವಾರದೊಳಗೆ ಮೂರನೆಯದನ್ನು ಕಳಿಸಿ, ಆಗದಿದ್ದರೆ ಹೇಳಿಬಿಡಿ, ಆ ಪುಟವನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಆಕೆ ಬಹಳ ಮೃದುವಾಗಿ ಹೇಳಿದರು. ಬೈದರೆ ನಾನೂ ಬೈಯಬಹುದು. ಮೃದುವಾಗಿ ಹೇಳಿದರೆ ಏನು ಮಾಡುವುದು? "ಸರಿ ಮೇಡಂ" ಎಂದು ಫೋನ್ ಇಟ್ಟು, ಬ್ರಷ್ಷನ್ನು ಮೂಲೆಗೆ ಎಸೆದೆ.

ಅದು ಮಕ್ಕಳ ಪುಸ್ತಕ. ಬೇರೆ ಬೇರೆ ನಾಡಿನ ದೇವತೆಯರ ಬಗ್ಗೆ, ಒಬ್ಬೊಬ್ಬ ದೇವತೆಗೆ ಒಬ್ಬೊಬ್ಬ ಚಿತ್ರಗಾರರು. ಬೆಳೆಯ ದೇವತೆ, ಹೂವಿನ ದೇವತೆ, ಚಂದ್ರನ ದೇವತೆ ಎಲ್ಲರೂ ಬೇರೆಯವರ ಪಾಲಾಗಿ ನನಗೆ ಉಳಿದವಳು ಪ್ರಾಚೀನ ರೋಮಿನ ಫೆಬ್ರಿಸ್. ಜ್ವರದ ದೇವತೆ. ಅವರು ಕಳಿಸಿದ ಟಿಪ್ಪಣಿ ಅರ್ಧ ಪುಟವೂ ಇರಲಿಲ್ಲ. ರೋಮಿನಲ್ಲಿ ಅವಳಿಗೆ ಗುಡಿಗಳಿದ್ದವಂತೆ. ಕಾಯಿಲೆಯವರ ಮೈಗೆ ಕಟ್ಟಿದ್ದ ತಾಯತಗಳನ್ನು ತಂದು ಅಲ್ಲಿ ಒಪ್ಪಿಸುತ್ತಿದ್ದರಂತೆ. ಜನ ಅವಳನ್ನು ಬಾ ಎಂದು ಬೇಡುತ್ತಿರಲಿಲ್ಲ. ಹೆಚ್ಚು ಕಾಡಬೇಡ, ಹೊರಡು ತಾಯಿ ಎಂದು ಬೇಡುತ್ತಿದ್ದರು. ಅವಳ ಮುಖ ಹೀಗಿತ್ತು ಎಂದು ತೋರಿಸುವ ವಿಗ್ರಹ ಒಂದೂ ಸಿಗುವುದಿಲ್ಲ ಎಂದು ಕೊನೆಯಲ್ಲಿ ಬರೆದಿತ್ತು.

ಮುಖವೇ ಇಲ್ಲದವಳಿಗೆ ಮುಖ ಬರೆಯುವುದೇನು ಮಹಾ ಎಂದು ಶುರುಮಾಡಿದ್ದೆ. ಮೊದಲ ಸಲ ಬಂದವಳು ಬಿಳಿ ಸೀರೆ ಉಟ್ಟ ಕ್ಯಾಲೆಂಡರ್ ಲಕ್ಷ್ಮಿ. ಎರಡನೇ ಸಲ ಸುತ್ತ ಬೆಂಕಿ ಹಾಕಿ ಕಣ್ಣು ಕೆಂಪು ಮಾಡಿದೆ, ನಾಟಕದ ರಕ್ಕಸಿ ಬಂದು ಕೂತಳು. ಸಂಪಾದಕಿ ಹೇಳಿದ್ದು ನಿಜವೇ. ಅದಕ್ಕೇ ಅಷ್ಟು ಸಿಟ್ಟು ಬಂದದ್ದು.

ಕಣ್ಣೆದುರು ಇಲ್ಲದ್ದನ್ನು ಬರೆಯಲು ನನಗೆ ಬರುವುದಿಲ್ಲ. ನಾನು ಹುಟ್ಟಿದ್ದು ಸಖರಾಯಪಟ್ಟಣದಲ್ಲಿ, ಮದುವೆಗೆ ಮುಂಚೆ ಕಡೂರಿನ ಒಂದು ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದೆ. ಅಲ್ಲಿನ ಮಕ್ಕಳಿಗೂ ಇದನ್ನೇ ಕಲಿಸುತ್ತಿದ್ದೆ: ಎಲೆ ಬರೆಯಬೇಕಾದರೆ ಎಲೆ ಎದುರಿಗಿರಲಿ. ಮೊದಲು ಇಡಿಯಾಗಿ ಬರೆಯಿರಿ, ಆಮೇಲೆ ಅದರದೇ ಒಂದು ಸಣ್ಣ ತುಂಡನ್ನು ಆರಿಸಿಕೊಂಡು ಇನ್ನೊಂದು ಹಾಳೆ ತುಂಬ ದೊಡ್ಡದಾಗಿ ಬರೆಯಿರಿ. ಹಾಳೆಯ ಮೂಲೆಯಲ್ಲಿ ದಿನ, ವೇಳೆ ಹಾಕಿ. ಮದುವೆಯಾಗಿ ಅಜ್ಜಂಪುರಕ್ಕೆ ಬಂದು ಹದಿಮೂರು ವರ್ಷವಾದ ಮೇಲೂ ನಾನು ಹಾಗೇ ಕೆಲಸ ಮಾಡುತ್ತೇನೆ.

ಆ ಫೋನ್ ಬಂದದ್ದು ಮಂಗಳವಾರ ಮಧ್ಯಾಹ್ನ. ಅದೇ ಸಂಜೆ ಮಗಳು ಶಾಲೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ ನಡುಮನೆಯ ಚಾಪೆಯ ಮೇಲೆ ಮಲಗಿಬಿಟ್ಟಳು. ಮುಟ್ಟಿದರೆ ಕೈ ಸುಡುತ್ತಿತ್ತು. ಅವಳಿಗಾಗ ಹನ್ನೊಂದು ವರ್ಷ. ಬುಧವಾರ ಊರಿನ ಡಾಕ್ಟರಿಗೆ ತೋರಿಸಿದೆ. ಜ್ವರದ ಮಾತ್ರೆ ಕೊಟ್ಟರು. "ಊರಲ್ಲಿ ಡೆಂಗಿ ಇದೆ. ಎರಡು ದಿನದಲ್ಲಿ ಬಿಡಲಿಲ್ಲ ಅಂದ್ರೆ ರಕ್ತ ಪರೀಕ್ಷೆ ಮಾಡಿಸ್ಬಿಡಿ" ಎಂದರು. ಈರುಳ್ಳಿ ಕೀಳುವ ಕಾಲ ಅದು, ಬಿಟ್ಟು ಬಿಟ್ಟು ಮಳೆ ಬರುತ್ತಿತ್ತು. ಎಲ್ಲರ ಹಿತ್ತಿಲಲ್ಲೂ ತೆಂಗಿನ ಚಿಪ್ಪಿನ ತುಂಬ ನೀರು.

ಗುರುವಾರ ಬೆಳಿಗ್ಗೆ ಅವಳ ಕತ್ತು, ಎದೆ, ತೋಳು ಕೆಂಪಾಗಿದ್ದವು. ನಾನು ಅತ್ತೆಯನ್ನು ಕರೆದೆ. ಅತ್ತೆಗೆ ಎರಡೂ ಕಣ್ಣಿಗೆ ಪೊರೆ. ತರೀಕೆರೆಯಲ್ಲಿ ಆಪರೇಷನ್ ಮಾಡಿಸೋಣವೆಂದರೆ ಈ ಸುಗ್ಗಿ ಕಳೀಲಿ, ಆ ಹಬ್ಬ ಕಳೀಲಿ ಎಂದು ಎರಡು ವರ್ಷದಿಂದ ಮುಂದೂಡುತ್ತಿದ್ದರು. ಮೊಮ್ಮಗಳನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಮುಖವನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡು ನೋಡಿದರು. ಆಮೇಲೆ ಎರಡೂ ಕೈ ಜೋಡಿಸಿದರು.

"ಕೆಂಪಗೆ ಎದ್ದೈತೆ. ಅಮ್ಮ ಬಂದವ್ಳೆ ಕಣೇ."

ಸೀತಾಳೆ ಸಿಡುಬನ್ನು ನಮ್ಮ ಕಡೆ ಹೆಸರು ಹಿಡಿದು ಕರೆಯುವುದಿಲ್ಲ. ಅಮ್ಮ ಎನ್ನುತ್ತೇವೆ. ಅವಳು ಮೈಮೇಲೆ ಬಂದ ಮಗು ಆ ಐದು ದಿನ ಬರೀ ಮಗುವಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು, ಹಾಸಿಗೆಗೂ ಬೇವು ಹಾಸಬೇಕು. ಒಲೆಯ ಮೇಲೆ ಒಗ್ಗರಣೆ ಚುರ್ ಎನ್ನಬಾರದು. ಹೊರಗಿನವರು ಒಳಗೆ ಬರುವಂತಿಲ್ಲ, ಮಗು ಹೊಸಿಲು ದಾಟುವಂತಿಲ್ಲ. ಮೊಸರನ್ನ, ಎಳನೀರು, ಅಷ್ಟೇ. ಮಾತ್ರೆ ಕೂಡದು. ಸೂಜಿಯಂತೂ ಕೂಡದೇ ಕೂಡದು.

"ನಾಳೆ ರಕ್ತ ತೆಗಿಸ್ಬೇಕು ಅತ್ತೆ. ಡಾಕ್ಟ್ರು ಹೇಳವ್ರೆ," ಎಂದೆ.

"ಅಮ್ಮ ಮೈಮೇಲಿರುವಾಗ ಸೂಜಿ ಚುಚ್ಚುಸ್ತಾರೇನೇ? ಬುಕ್ಕಾಂಬುಧಿಲಿ ನನ್ನ ತಮ್ಮಂಗೆ ಹಿಂಗೇ ಚುಚ್ಚಿಸಿ ಒಂದು ಕಣ್ಣು ಹೋಯ್ತು. ನಾನು ಕಣ್ಣಾರೆ ಕಂಡಿವ್ನಿ." ನನ್ನ ಮೇಜಿನ ಕಡೆ ಕೈ ತೋರಿಸಿದರು. "ನೀನು ಅದ್ಯಾವ್ದೋ ಜ್ವರದ ದೇವ್ರನ್ನ ಮನೆಯೊಳಗೆ ಕೂರುಸ್ಕೊಂಡು ಬರೀತಿದ್ಯಲ್ಲ. ಕರ್ದಂಗಾಯ್ತಲ್ವಾ?"

ನಾನು ಕೂಗಾಡಿದೆ. ಸಾವಿರಾರು ಮೈಲಿ ದೂರದವಳು, ಈಗ ಯಾರೂ ಪೂಜೆ ಮಾಡದವಳು, ಅಜ್ಜಂಪುರದ ವಿಳಾಸ ಹುಡುಕಿಕೊಂಡು ಬಂದಳಾ ಎಂದು ಕೇಳಿದೆ. ಅತ್ತೆ ಬೇವು ತರಲು ಹೊರಟರು. ಕೊಬ್ಬರಿ ಲೋಡಿನ ಜೊತೆ ತಿಪಟೂರಿಗೆ ಹೋಗಿದ್ದ ಗಂಡನಿಗೆ ಫೋನ್ ಮಾಡಿದೆ. "ಅವ್ವ ಹೇಳ್ದಂಗೆ ಕೇಳು. ನಾನು ಭಾನುವಾರ ಬಂದ್ಬಿಡ್ತೀನಿ," ಎಂದರು.

ಹೀಗೆ ಇಬ್ಬರೂ ಸೇರಿ ಬಾಯಿ ಮುಚ್ಚಿಸಿದರು, ಅದಕ್ಕೇ ಒಪ್ಪಿಕೊಂಡೆ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ನಿಜ. ಅತ್ತೆಯ ಮಾತನ್ನು ಮೀರಿ ನಾನು ಎಷ್ಟೋ ಕೆಲಸ ಮಾಡಿದ್ದೇನೆ. ಆಟೋ ಕರೆದು ಮಗಳನ್ನು ಕೂರಿಸಿಕೊಂಡು ಹೋಗಿದ್ದರೆ ಅವರು ಅಡ್ಡ ಮಲಗುತ್ತಿರಲಿಲ್ಲ. ಇನ್ನರ್ಧ ನಿಜ ಇದು: ಅಮ್ಮ ಬಂದದ್ದು ನನಗೆ ಅನುಕೂಲವಾಗಿತ್ತು. ಐದು ದಿನ ಮನೆಗೆ ಯಾರೂ ಬರುವುದಿಲ್ಲ. ಅಡುಗೆ ಎಂದರೆ ಅನ್ನ ಮೊಸರು. ಸೋಮವಾರಕ್ಕೆ ಚಿತ್ರ ಕೊಡಬೇಕು. ಮತ್ತು ಜ್ವರ ನನ್ನ ಕಣ್ಣೆದುರೇ ಮಲಗಿತ್ತು.

ಗುರುವಾರ ಮಧ್ಯಾಹ್ನ ಹಲಗೆಗೆ ಹಾಳೆ ಸಿಕ್ಕಿಸಿಕೊಂಡು ಮಗಳ ಹಾಸಿಗೆಯ ಪಕ್ಕ ಕೂತೆ. ಜ್ವರ ಎಂದರೆ ಬೆಂಕಿಯಲ್ಲ ಎಂದು ಮೊದಲು ಗೊತ್ತಾದದ್ದು ಆಗ. ಕಣ್ಣುಗಳು ಕೆಂಪಗಿರಲಿಲ್ಲ, ಹೊಳೆಯುತ್ತಿದ್ದವು. ರೆಪ್ಪೆ ಅರ್ಧ ಇಳಿದಿತ್ತು. ತುಟಿ ಒಣಗಿ ಬಿರಿದು, ಕೆಳತುಟಿಯ ನಡುವೆ ಒಂದು ಗೆರೆ ಎದ್ದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವಳು ನನ್ನನ್ನು ನೋಡುತ್ತಿದ್ದರೂ ನನ್ನನ್ನಲ್ಲ, ನನ್ನ ಹಿಂದೆ ಯಾರನ್ನೋ ನೋಡುತ್ತಿದ್ದಂತಿತ್ತು. ಕಾಡುವ ದೇವತೆಯ ನೋಟ ಇದೇ ಎಂದು ನನಗೆ ಖಚಿತವಾಯಿತು. ಪೆನ್ಸಿಲ್ ತಾನಾಗಿ ಓಡಿತು. ಮುಖ ಮುಗಿಸಿ, ಎಂದಿನಂತೆ ಒಂದು ತುಂಡನ್ನು ಆರಿಸಿಕೊಂಡೆ. ಎಡಗೈಯ ಒಳಭಾಗ, ಮೊಣಕೈಯಿಂದ ಮಣಿಕಟ್ಟಿನವರೆಗೆ. ಅಲ್ಲಿನ ಒಂದೊಂದು ಚುಕ್ಕೆಯನ್ನೂ ಬರೆದೆ, ಹಾಳೆ ತುಂಬ. ಮೂಲೆಯಲ್ಲಿ "ಗುರುವಾರ, ಮೂರು ಗಂಟೆ" ಎಂದು ಹಾಕಿದೆ.

ಶುಕ್ರವಾರ ಮತ್ತೆ ಬರೆದೆ. ಅದೇ ಮುಖ, ಅದೇ ಕೈ, ಈ ಸಲ ಬಣ್ಣದಲ್ಲಿ. ಮುಖದ ಚಿತ್ರವನ್ನು ಫೋನಿನಲ್ಲಿ ತೆಗೆದು ಸಂಪಾದಕಿಗೆ ಕಳಿಸಿದೆ. ಐದು ನಿಮಿಷದಲ್ಲಿ ಉತ್ತರ ಬಂತು: "ಇದೇ! ಇವಳೇ! ಎಲ್ಲಿ ಸಿಕ್ಕಳು ನಿಮಗೆ?" ಎಷ್ಟು ಹಿಗ್ಗಿದೆನೆಂದರೆ ಅಡುಗೆಮನೆಗೆ ಹೋಗಿ ಅತ್ತೆಗೂ ಹೇಳಿಬಂದೆ. ಅವರು ಕೆಂಡದ ಮೇಲೆ ಸಾಂಬ್ರಾಣಿ ಹಾಕುತ್ತಿದ್ದರು. "ಮಗು ಏನಾರ ತಿಂತೇನೇ?" ಎಂದು ಮಾತ್ರ ಕೇಳಿದರು. ಮಗು ಏನೂ ತಿಂದಿರಲಿಲ್ಲ.

ಶನಿವಾರ ಬೆಳಿಗ್ಗೆ ಜ್ವರ ಬಿಟ್ಟಿತ್ತು. ಹಣೆ ಮುಟ್ಟಿದರೆ ತಣ್ಣಗಿತ್ತು. ಅತ್ತೆ ಬಾಗಿಲ ಬೇವಿಗೆ ಕೈಮುಗಿದು, "ತಣ್ಣಗಾದ್ಲು ನಮ್ಮವ್ವ" ಎಂದು ಕಣ್ಣೊರೆಸಿಕೊಂಡರು. ನಾನೂ ಸಂತೋಷಪಟ್ಟೆ. ಆದರೆ ಅದಕ್ಕೂ ಮೊದಲು, ಒಂದು ಕ್ಷಣ, ಬಣ್ಣ ಇನ್ನೂ ಮುಗಿದಿಲ್ಲವಲ್ಲ, ಇಷ್ಟು ಬೇಗ ಇಳಿದುಬಿಟ್ಟಿತಲ್ಲ ಎಂದು ನನ್ನೊಳಗೆ ಅನಿಸಿತು. ತಾಯಿಯಾದವಳಿಗೆ ಹಾಗೆ ಅನಿಸಬಾರದು. ಅನಿಸಿತು.

ಮುಖ ಹೋದರೆ ಹೋಗಲಿ, ಕೈಯನ್ನಾದರೂ ಮುಗಿಸೋಣವೆಂದು ಎರಡು ದಿನದ ಎರಡು ಹಾಳೆಗಳನ್ನೂ ಹಾಸಿಗೆಯ ಪಕ್ಕ ಹರಡಿಕೊಂಡು ಕೂತೆ. ಮಗಳು ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗಿದ್ದಳು. ಬೆಳಿಗ್ಗೆಯಿಂದ ಎರಡು ಸಲ ವಾಂತಿಯಾಗಿತ್ತು. ಬರೀ ಹೊಟ್ಟೆಗೆ ಎಳನೀರು ಕೊಟ್ಟದ್ದಕ್ಕೆ ಇರಬೇಕು ಎಂದುಕೊಂಡಿದ್ದೆವು. ಅವಳ ಎಡಗೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಐಸಿನಲ್ಲಿ ಇಟ್ಟು ತೆಗೆದಂತೆ ತಣ್ಣಗಿತ್ತು. ಹಣೆ ತಣ್ಣಗಾದದ್ದು ಸರಿ, ಬೆರಳು ಯಾಕೆ ಇಷ್ಟು ತಣ್ಣಗೆ?

ಆಗ ಚುಕ್ಕೆಗಳನ್ನು ನೋಡಿದೆ. ಗುರುವಾರದ ಹಾಳೆ ನೋಡಿದೆ, ಶುಕ್ರವಾರದ ಹಾಳೆ ನೋಡಿದೆ, ಕೈ ನೋಡಿದೆ. ಚುಕ್ಕೆಗಳು ಹೆಚ್ಚಾಗಿದ್ದವು, ಆದರೆ ಒಂದೂ ಬೆಳೆದಿರಲಿಲ್ಲ. ಗುರುವಾರ ಸೂಜಿಮೊನೆಯಷ್ಟಿದ್ದದ್ದು ಶನಿವಾರವೂ ಅಷ್ಟೇ ಇತ್ತು. ಬೆರಳಾಡಿಸಿದರೆ ಉಬ್ಬೇ ಇಲ್ಲ. ಅವು ಚರ್ಮದ ಮೇಲೆ ಎದ್ದವಲ್ಲ, ಚರ್ಮದ ಒಳಗೆ ಇದ್ದವು. ನಾನೇ ಒಂದೊಂದನ್ನೂ ಬರೆದಿದ್ದೆ, ನನಗೇ ಕಂಡಿರಲಿಲ್ಲ.

"ಅತ್ತೆ, ಅಮ್ಮ ಬಂದು ಮೂರನೇ ದಿನಕ್ಕೆ ಗುಳ್ಳೆ ಹೆಂಗಿರ್ತವೆ?"

"ಮುತ್ತಿದ್ದಂಗೆ. ನೀರು ತುಂಬ್ಕೊಂಡು ಉಬ್ಬಿರ್ತವೆ," ಎಂದರು ಅಡುಗೆಮನೆಯಿಂದಲೇ. ಮತ್ತೆ, "ಯಾಕೇ?" ಎಂದು ಎದ್ದು ಬಂದರು.

ನಾನು ಶುಕ್ರವಾರದ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಮಗುವಿನ ಕೈಯ ಮೇಲಿನ ಚುಕ್ಕೆ ಅವರ ಪೊರೆಗಣ್ಣಿಗೆ ಕಾಣುತ್ತಿರಲಿಲ್ಲ. ಹಾಳೆಯ ಮೇಲೆ ಅದು ಕಡಲೆಕಾಳಿನಷ್ಟು ದೊಡ್ಡದಾಗಿತ್ತು. ಅವರು ಅದನ್ನು ಬಾಗಿಲಿಗೆ ಒಯ್ದು, ಬಿಸಿಲಿಗೆ ಹಿಡಿದು, ಮೇಲಿಂದ ಕೆಳಗೆ ನೋಡಿದರು. "ಇದು ಇದ್ದದ್ದು ಇದ್ದಂಗೆ ಬರ್ದಿದ್ದೀಯಾ? ಚಂದಕ್ಕೆ ಅಂತ ಬದ್ಲು ಮಾಡಿಲ್ಲ ತಾನೆ?" ಎಂದು ಕೇಳಿದರು. "ಇದ್ದಂಗೇ ಬರ್ದಿದೀನಿ," ಎಂದೆ. ವಾಪಸ್ ಬಂದು ಮೊಮ್ಮಗಳ ಕೈಯನ್ನು ಹಿಡಿದು, ಹೆಬ್ಬೆರಳಿನಿಂದ ನಿಧಾನವಾಗಿ ಉಜ್ಜಿ ನೋಡಿದರು. ಅವರ ಮುಖದ ಬಣ್ಣವೇ ಹೋಯಿತು.

"ಇದು ಅಮ್ಮ ಅಲ್ಲ ಕಣೇ. ಅಮ್ಮ ಇಳಿದ ಎಷ್ಟು ಮಕ್ಕಳಿಗೆ ನೀರು ಹಾಕಿವ್ನಿ ನಾನು. ಇದು ಅಮ್ಮ ಅಲ್ಲ. ಏಳು, ಕಾರು ಕರಿ."

ಮಗಳನ್ನು ಎತ್ತಿ ಕೂರಿಸಿದೆ. ಬಾಯಿ ಬಿಟ್ಟಾಗ ವಸಡಿನ ಮೇಲೆ ರಕ್ತದ ಗೆರೆ ಕಂಡಿತು. ಆ ಗಡಿಬಿಡಿಯಲ್ಲೂ ಆ ಎರಡು ಹಾಳೆಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡದ್ದು ಯಾಕೆಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಪಕ್ಕದ ಮನೆಯವರು ಊಟಕ್ಕೆ ಕೂತಿದ್ದವರು ಕೈ ತೊಳೆದು ಕಾರು ತೆಗೆದರು. ಮೊದಲು ಹೊಸಿಲು ದಾಟಿದವರು ಅತ್ತೆ. ಬಾಗಿಲ ಬೇವನ್ನು ಅವರು ಕೀಳಲೂ ಇಲ್ಲ, ತಿರುಗಿ ನೋಡಲೂ ಇಲ್ಲ.

ತರೀಕೆರೆ ರಸ್ತೆ ಅಷ್ಟು ಉದ್ದ ಅನಿಸಿದ್ದು ಅವತ್ತೇ. ಮುಂದೆ ಈರುಳ್ಳಿ ಮೂಟೆ ಹೇರಿದ ಟ್ರ್ಯಾಕ್ಟರ್. ದಾರಿ ಬಿಡದು. ನಾನು ಕಿಟಕಿಯಿಂದ ತಲೆ ಹೊರಹಾಕಿ, ನನ್ನ ಬಾಯಲ್ಲಿ ಎಂದೂ ಬರದ ಮಾತುಗಳಲ್ಲಿ ಆ ಡ್ರೈವರನ್ನು ಬೈದೆ. ಮಗಳು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಬರ್ತಿದೆ ಎನ್ನುತ್ತಿದ್ದಳು. "ಮಲಗ್ಬೇಡ ಪುಟ್ಟ, ಮಾತಾಡು" ಎಂದು ಅತ್ತೆ ಅವಳ ಕೆನ್ನೆ ತಟ್ಟುತ್ತಿದ್ದರು. ಶಾಲೆಯ ಗೆಳತಿಯರ ಹೆಸರು ಒಂದೊಂದಾಗಿ ಹೇಳಿಸಿದರು. ನಾಲ್ಕನೇ ಹೆಸರಿಗೆ ಅವಳು ನಿಲ್ಲಿಸಿದಳು.

ಆಸ್ಪತ್ರೆಯ ಡಾಕ್ಟರ್ ಚಿಕ್ಕ ವಯಸ್ಸಿನವರು. ಬಿ.ಪಿ. ನೋಡುವ ಪಟ್ಟಿಯನ್ನು ಮಗಳ ತೋಳಿಗೆ ಬಿಗಿದು ಸ್ವಲ್ಪ ಹೊತ್ತು ಹಾಗೇ ಬಿಟ್ಟರು. ಬಿಚ್ಚಿದಾಗ ಅದರ ಕೆಳಗೆ ಹೊಸ ಚುಕ್ಕೆಗಳು ಎದ್ದಿದ್ದವು. "ಡೆಂಗಿ ಇರಬೇಕು. ಜ್ವರ ಬಿಟ್ಟಾಗಲೇ ಇದು ಹೆಚ್ಚು ಅಪಾಯ," ಎನ್ನುತ್ತಾ ಅವರೇ ಡ್ರಿಪ್ ಹಾಕಿದರು, ರಕ್ತ ತೆಗೆಸಿದರು. "ಈ ಚುಕ್ಕೆ ಯಾವಾಗಿಂದ ಇವೆ?"

ಚೀಲದಿಂದ ಹಾಳೆಗಳನ್ನು ತೆಗೆದು ಕೊಟ್ಟೆ. ಅವರು ಮೊದಲು ಚಿತ್ರ ನೋಡಿದರು. ಆಮೇಲೆ ಮೂಲೆಯಲ್ಲಿದ್ದ ದಿನ, ವೇಳೆ ನೋಡಿದರು.

"ಗುರುವಾರವೇ ಇದು ನಿಮಗೆ ಇಷ್ಟು ಸ್ಪಷ್ಟವಾಗಿ ಕಂಡಿತ್ತಾ?"

ಅವರು ಬೈಯಲಿಲ್ಲ. ಸುಮ್ಮನೆ ಕೇಳಿದರು. ನಾನು ತಲೆ ತಗ್ಗಿಸಿದೆ.

ಪ್ಲೇಟ್‌ಲೆಟ್ ಬಹಳ ಇಳಿದಿವೆ ಎಂದು ರಿಪೋರ್ಟ್ ಬಂತು. ದೊಡ್ಡ ಆಸ್ಪತ್ರೆಗೆ ಕಳಿಸಬೇಕಾ, ಇಲ್ಲೇ ನೋಡಿಕೊಳ್ಳಬಹುದಾ ಎಂದು ಡಾಕ್ಟರ್ ಯಾರಿಗೋ ಫೋನ್ ಮಾಡುತ್ತಿದ್ದರು. ಗಂಟೆಗೊಮ್ಮೆ ಬಿ.ಪಿ. ನೋಡುತ್ತಿದ್ದರು, ಮೂತ್ರವನ್ನು ಅಳೆದು ಬರೆದುಕೊಳ್ಳುತ್ತಿದ್ದರು. ನರ್ಸ್ ಬಂದು ಹೋದಾಗಲೆಲ್ಲಾ ಅವರ ಮುಖ ನೋಡುತ್ತಿದ್ದೆ. ಗಂಡ ಸಂಜೆಗೆ ತಿಪಟೂರಿನಿಂದ ಬಂದವರು ಮಗಳ ಕಾಲು ಹಿಡಿದುಕೊಂಡು ನಿಂತೇ ಇದ್ದರು. ಹೊರಗಿನ ಬೆಂಚಿನ ಮೇಲೆ ಅತ್ತೆ. ಅನ್ನ ಮುಟ್ಟಲಿಲ್ಲ. ಭಾನುವಾರ ಮಧ್ಯಾಹ್ನ ನಾನು ಹೊರಗೆ ಬಂದಾಗ ನನ್ನ ಸೆರಗು ಹಿಡಿದು ಕೂರಿಸಿಕೊಂಡರು.

"ತಪ್ಪು ನಂದು ಕಣವ್ವ. ಕಣ್ಣು ಕಾಣ್ದೋಳು ಅಮ್ಮ ಅಂತ ಹೇಳ್ಬಾರ್ದಿತ್ತು. ನನ್ನಿಂದ ಮಗು ಹಿಂಗಾಯ್ತು."

ನಂದೂ ತಪ್ಪು ಅತ್ತೆ, ನೀವು ಕಣ್ಣು ಕಾಣದೆ ತಪ್ಪಿದಿರಿ, ನಾನು ಕಣ್ಣು ಬಿಟ್ಟುಕೊಂಡೇ ಕೂತಿದ್ದೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅವರ ಕೈಯನ್ನು ಬಿಡಿಸಿಕೊಂಡು ಒಳಗೆ ಹೋದೆ. ಆ ಎರಡು ದಿನ ಎಲ್ಲರೂ ಅವರನ್ನೇ ದೂರಿದರು, ಗಂಡ ಕೂಡ. ನಾನು ದೂರಲು ಬಿಟ್ಟೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸೋಮವಾರ ಬೆಳಿಗ್ಗೆಯ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಏರಿದ್ದವು. ಕೈ ಬೆಚ್ಚಗಾಗಿತ್ತು. ಮಗಳು ಕಣ್ಣು ಬಿಟ್ಟು, "ಅಜ್ಜಿ ಎಲ್ಲಿ? ಚಿತ್ರಾನ್ನ ಬೇಕು" ಎಂದಳು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತುಬಿಟ್ಟೆ. ಅದೇ ದಿನ ಸಂಪಾದಕಿಯ ಫೋನ್ ಬಂತು. ವಿಷಯ ಹೇಳಿದೆ. ಎಷ್ಟು ದಿನ ಬೇಕಾದರೂ ತೆಗೆದುಕೊಳ್ಳಿ ಎಂದರು.

ಮನೆಗೆ ಬಂದ ಮೇಲೆ ಆ ಹಾಳೆಗಳನ್ನೆಲ್ಲಾ ಹರಿದು ಒಲೆಗೆ ಹಾಕಲು ಹೊರಟೆ. ತಡೆದವರು ಅತ್ತೆ. "ಹರೀಬೇಡ. ಅದನ್ನ ನೋಡಿದ್ರಿಂದ್ಲೇ ಅಲ್ವೇನೇ ಗೊತ್ತಾದದ್ದು? ಬರ್ದು ಮುಗ್ಸಿ ಆಯಮ್ಮನ್ನ ಕಳ್ಸಿಬಿಡು. ಮನೇಲಿ ಇಟ್ಕೋಬೇಡ." ಹೊರಡು ತಾಯಿ ಎಂದು ಬೇಡುತ್ತಿದ್ದ ರೋಮಿನವರೂ ಇದನ್ನೇ ಹೇಳುತ್ತಿದ್ದರೇನೋ. ಒಂದು ವಾರ ಕೂತು ಮುಗಿಸಿದೆ. ಗುಡಿಯ ಮೆಟ್ಟಿಲ ಮೇಲೆ ಕೂತ ಹೆಂಗಸು, ಹಿಂದಿನ ಗೋಡೆಯ ತುಂಬ ಜನ ಬಿಟ್ಟುಹೋದ ತಾಯತಗಳು, ತೊಡೆಯ ಮೇಲೆ ಚುಕ್ಕೆಚುಕ್ಕೆಯ ಕೈ, ಯಾರನ್ನೋ ದಾಟಿ ನೋಡುವ ಕಣ್ಣು. ವಯಸ್ಸು ಏರಿಸಿದೆ, ಮೂಗು ಬದಲಿಸಿದೆ, ತಲೆಗೆ ಮುಸುಕು ಹಾಕಿದೆ. ಯಾರಿಗೂ ಗುರುತು ಸಿಗದು ಎಂದುಕೊಂಡೆ. ಕಡೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಕಳಿಸಿದೆ. ಎಲ್ಲರೂ ಹೊಗಳಿದರು.

ಪುಸ್ತಕ ಕೈಗೆ ಬಂದದ್ದು ಎಂಟು ತಿಂಗಳ ಮೇಲೆ. ಮಗಳು ಶಾಲೆಯಿಂದ ಬಂದು, ಕವರ್ ಹರಿದು, ಒಂದೊಂದೇ ಪುಟ ತಿರುಗಿಸುತ್ತಾ ನನ್ನ ಪುಟಕ್ಕೆ ಬಂದು ನಿಂತಳು. ಆಪರೇಷನ್ ಆಗಿ ಕನ್ನಡಕ ಹಾಕಿಕೊಂಡಿದ್ದ ಅತ್ತೆ ಪಕ್ಕದಲ್ಲೇ ಹುಣಸೆಹಣ್ಣು ಬಿಡಿಸುತ್ತಿದ್ದರು. ಮಗಳು ಬಹಳ ಹೊತ್ತು ನೋಡಿದಳು.

"ಇದು ನಾನು. ಮೂಗು ಬೇರೆ ಮಾಡಿದೀಯ."

"ಹೌದು," ಎಂದೆ.

"ಆವತ್ತು ನಾನು ನೀರು ಕೇಳ್ದೆ ಮಮ್ಮಿ. ನೀನು 'ಒಂದ್ನಿಮಿಷ, ಅಲ್ಲಾಡ್ಬೇಡ' ಅಂದೆ. ನಂಗೆ ನೆನಪಿದೆ. ಎರಡು ಸಲ ಕೇಳ್ದೆ."

ಅವಳ ದನಿಯಲ್ಲಿ ದೂರು ಇರಲಿಲ್ಲ. ನಿಜವಾ, ಕನಸಾ ಎಂದು ತಿಳಿದುಕೊಳ್ಳಬೇಕಿತ್ತು, ಅಷ್ಟೇ. ಅತ್ತೆಯ ಕೈ ಹುಣಸೆಹಣ್ಣಿನ ಮೇಲೆ ನಿಂತಿತು. ಜ್ವರದಲ್ಲಿ ಏನೇನೋ ಅನಿಸುತ್ತದೆ ಕಣೇ ಎಂದುಬಿಟ್ಟಿದ್ದರೆ ಅವಳು ನಂಬುತ್ತಿದ್ದಳು, ಅತ್ತೆಯೂ ಹ್ಞೂಂಗುಟ್ಟುತ್ತಿದ್ದರು. ಇದನ್ನು ನಾನು ಡಾಕ್ಟರಿಗೆ ಹೇಳಿರಲಿಲ್ಲ, ಗಂಡನಿಗೆ ಹೇಳಿರಲಿಲ್ಲ. ಇಲ್ಲಿ ಆ ಗುರುವಾರದ ಬಗ್ಗೆ ಬರೆಯುವಾಗಲೂ ಬಿಟ್ಟೇ ಬರೆದಿದ್ದೇನೆ.

"ಎರಡಲ್ಲ ಪುಟ್ಟ," ಎಂದೆ. "ನೀನು ಮೂರು ಸಲ ಕೇಳಿದ್ದೆ."